ಹಾಡಿ ಕುಣಿಸಿದ ಇನ್ಸ್‌ಪೆಕ್ಟರು: ಪಂಜೆ ಮಂಗೇಶರಾಯರು

ಮನೆಯಲ್ಲಿರುವ ಮಕ್ಕಳಿಗೆ ಆನ್‌ಲೈನಿನಲ್ಲಿ ಸಂಗೀತದ ಚಟುವಟಿಕೆ ಮಾಡಿಸಿ ಎಂದರೆ ನಮ್ಮ ಪ್ರಶಿಕ್ಷಣಾರ್ಥಿಗಳು ಮೊದಲು ಆ್ಯಪ್ ಹುಡುಕುತ್ತಾರೆ. ನಾನು ಅವರಿಗೆ ಪಂಜೆಯವರ ಬದುಕನ್ನು ಹೇಳುತ್ತೇನೆ.

ಪಂಜೆ ಮಂಗೇಶರಾಯರು ಹುಟ್ಟಿದ್ದು 1874ರ ಫೆಬ್ರವರಿ 22ರಂದು, ಬಂಟ್ವಾಳದಲ್ಲಿ. ಮನೆಮಾತು ಕೊಂಕಣಿ, ಊರಿನ ಮಾತು ತುಳು, ಬರೆದದ್ದು ಕನ್ನಡದಲ್ಲಿ. ಮನೆಯಲ್ಲಿ ತೆಲುಗು, ಆಟದಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್ ಆಡುವ ಬಿಟಿಎಂ ಲೇಔಟಿನ ಮಗುವನ್ನು ಕಂಡು ಅವರಿಗೆ ಆಶ್ಚರ್ಯವಾಗುತ್ತಿರಲಿಲ್ಲ. ತಂದೆ ಬೇಗ ತೀರಿಕೊಂಡದ್ದರಿಂದ ಸಂಸಾರದ ಹೊರೆ ಎಳೆಯ ವಯಸ್ಸಿನಲ್ಲೇ ಹೆಗಲಿಗೆ ಬಿತ್ತು. ಮುಂದೆ ಮಂಗಳೂರಿನಲ್ಲಿ ಅಧ್ಯಾಪಕರಾದರು, ಶಾಲಾ ಇನ್ಸ್‌ಪೆಕ್ಟರಾದರು, ಶಿಕ್ಷಕರ ತರಬೇತಿ ಶಾಲೆಯಲ್ಲಿ ಕಲಿಸಿದರು, ಕೊಡಗಿನಲ್ಲಿ ಮುಖ್ಯೋಪಾಧ್ಯಾಯರಾದರು. ಹುತ್ತರಿ ಹಾಡು ಆ ಕೊಡಗಿನ ಕೊಡುಗೆ.

ಆ ಕಾಲದಲ್ಲಿ ಇನ್ಸ್‌ಪೆಕ್ಟರು ಬರುತ್ತಾರೆಂದರೆ ಮಕ್ಕಳಿಗಿಂತ ಮೇಷ್ಟರಿಗೇ ನಡುಕ. ಪಂಜೆಯವರು ಮಾತ್ರ ತಪಾಸಣೆಗೆ ಹೋದಲ್ಲಿ ಮಕ್ಕಳ ನಡುವೆ ನಿಂತು ಹಾಡಿ, ಕುಣಿದು, ಅವರನ್ನೂ ಕುಣಿಸುತ್ತಿದ್ದರೆಂದು ಹೇಳುತ್ತಾರೆ. ಅವರಿಗೆ ಮಕ್ಕಳ ಪದ್ಯವೆಂದರೆ ಬಾಯಿಪಾಠದ ಸರಕಲ್ಲ, ಮೈಯಲ್ಲಿ ಆಡುವ ವಸ್ತು. ಕವಿಶಿಷ್ಯನೆಂಬ ಹೆಸರಿನಲ್ಲಿ ಬರೆದರು. 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದರು. 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. 1937ರ ಅಕ್ಟೋಬರ್ 25ರಂದು ತೀರಿಕೊಂಡರು.

ಅವರ ನಾಗರಹಾವಿನ ಹಾಡನ್ನು ಪಾಠಯೋಜನೆಯ ಕಣ್ಣಿನಿಂದ ಒಮ್ಮೆ ನೋಡಿ. ಮಗು ಹಾವನ್ನು ಕರೆಯುತ್ತದೆ, ಹೆಡೆ ಬಿಚ್ಚಲು ಹೇಳುತ್ತದೆ, ತಲೆಯ ರತ್ನದ ನಿಜವನ್ನು ಕೇಳುತ್ತದೆ, ಕೊನೆಗೆ ಹೋಗೆಂದು ಕಳಿಸುತ್ತದೆ. ಪ್ರತಿ ನುಡಿಯ ಕೊನೆಗೆ ಒಂದಕ್ಷರದ ಮಾತು, ಅದೇ ಮತ್ತೆ ಮತ್ತೆ. ಪದ್ಯವೆಲ್ಲ ಬಾರದ ಮಗುವಿಗೂ ಆ ಒಂದಕ್ಷರ ಬಂದೇ ಬರುತ್ತದೆ. ಕನ್ನಡ ಮನೆಮಾತಲ್ಲದ ಮಗುವಿಗೂ ಅಷ್ಟೆ. ಆ ಒಂದಕ್ಷರದಲ್ಲಿ ತಾಳವೂ ಇದೆ, ಅಭಿನಯವೂ ಇದೆ.

2020ರಲ್ಲಿ ಶಾಲೆಗಳು ಮುಚ್ಚಿದಾಗ ಇದೇ ಹಾಡನ್ನು ಜಯನಗರ, ಬನಶಂಕರಿಯ ಮಕ್ಕಳಿಗೆ ಫೋನಿನಲ್ಲಿ ಹೇಳಿಕೊಡಲು ಹೋಗಿ ನಾನು ಸೋತಿದ್ದೇನೆ. ಎಲ್ಲರೂ ಮೈಕ್ ತೆರೆದು ಒಟ್ಟಿಗೆ ಹಾಡಿ ಎಂದುಬಿಟ್ಟೆ. ಒಂದೊಂದು ಮನೆಯ ದನಿ ಒಂದೊಂದು ಕ್ಷಣ ತಡವಾಗಿ ಬರುತ್ತದೆ, ಹಾಗಾಗಿ ಕೇಳಿದ್ದು ಹಾಡಲ್ಲ, ಸಂತೆ. ಅದರ ಮೇಲೆ, ಚಪ್ಪಾಳೆ ಸದ್ದನ್ನು ಗಲಾಟೆಯೆಂದು ತಿಳಿದು ತಂತ್ರಾಂಶವೇ ಅಳಿಸಿಹಾಕುತ್ತಿತ್ತು. ಒಂದು ಹುಡುಗಿ ಅಡುಗೆಮನೆಯಲ್ಲಿ ಕೂತು ತುಟಿ ಮಾತ್ರ ಆಡಿಸುತ್ತಿದ್ದಳು. ಇದ್ದ ಒಂದೇ ಕೋಣೆಯಲ್ಲಿ ಅವಳಪ್ಪನಿಗೆ ಆಫೀಸಿನ ಮೀಟಿಂಗ್. ಅವಳು ಹಾಡುತ್ತಿಲ್ಲವೆಂದು ಗುರುತು ಹಾಕಿಕೊಂಡದ್ದು ನನ್ನ ತಪ್ಪು.

ಮುಂದಿನ ವಾರ ಕ್ರಮ ಬದಲಾಯಿಸಿದೆ. ಮಕ್ಕಳ ಮೈಕ್ ಮುಚ್ಚಿಸಿ ನಾನೊಬ್ಬಳೇ ಸಾಲು ಹಾಡಿದೆ. ನುಡಿಯ ಕೊನೆಯ ಒಂದಕ್ಷರಕ್ಕೆ ಮಾತ್ರ ಅವರವರ ಮನೆಯಲ್ಲಿ ಅವರವರ ವಾದ್ಯ: ಸ್ಟೀಲ್ ತಟ್ಟೆಗೆ ಚಮಚ, ಬೇಳೆ ಹಾಕಿದ ಡಬ್ಬಿ, ಮಡಿಸಿದ ಪೇಪರು. ಸದ್ದು ನನಗೆ ಕೇಳಿಸದಿದ್ದರೂ ಕೈ ಬೀಳುವುದು ಪರದೆಯಲ್ಲಿ ಕಾಣುತ್ತದೆ. ಚಿತ್ರವೂ ತಡವಾಗಿಯೇ ಬರುವುದರಿಂದ ನನ್ನ ಹಾಡಿಗೆ ಹೊಂದುತ್ತಿದೆಯೇ ಎಂದು ನೋಡಲಿಲ್ಲ, ಮಗುವಿನ ಪೆಟ್ಟುಗಳ ನಡುವಿನ ಅಂತರ ಸಮವಾಗಿದೆಯೇ ಎಂದಷ್ಟೇ ನೋಡಿದೆ. ಆಮೇಲೆ ಸರದಿಯಂತೆ ಒಬ್ಬೊಬ್ಬರದೇ ಮೈಕ್ ತೆರೆಸಿದೆ. ಸದ್ದು ಮಾಡಲಾಗದ ಮನೆಯವರಿಗೆ ಕೈಯನ್ನೇ ಹೆಡೆ ಮಾಡಿ ತೂಗುವ ಕೆಲಸ.

ನಮ್ಮ ಪ್ರಶಿಕ್ಷಣಾರ್ಥಿಗಳು ಅವಲೋಕನ ಪುಸ್ತಕದಲ್ಲಿ ದನಿಯ ಜೊತೆಗೆ ಕೈಗೂ ಒಂದು ಕಾಲಂ ಇಡಲಿ ಎನ್ನುವುದು ಅದಕ್ಕೇ. ಅಡುಗೆಮನೆಯ ಹುಡುಗಿ ಆ ವಾರ ಎರಡೂ ಕೈಯಲ್ಲಿ ಹೆಡೆ ಎತ್ತಿದಳು. ಕೊನೆಯ ನುಡಿಗೆ ಹಾವನ್ನು ಸಿಲಿಂಡರಿನ ಹಿಂದಕ್ಕೆ ಕಳಿಸಿ, ಹೋಯಿತೇ ಎಂದು ಬಗ್ಗಿ ನೋಡಿದಳು.