ಪಟ್ಟಿಗಳ ಭಾಷೆಯ ಶಿಲ್ಪಿ ಜಾನ್ ಮೆಕಾರ್ಥಿ

ಕೃತಕ ಬುದ್ಧಿಮತ್ತೆ ಎಂಬ ಮಾತು ಇಂದು ಎಲ್ಲೆಡೆ ಕೇಳಿಬರುತ್ತಿದೆ. ಇಂಗ್ಲಿಷಿನಲ್ಲಿ ಆ ಹೆಸರನ್ನು 1955ರಲ್ಲಿ ಬಳಕೆಗೆ ತಂದವರು ಅಮೆರಿಕದ ಗಣಿತಜ್ಞ ಜಾನ್ ಮೆಕಾರ್ಥಿ. ಅವರು ರೂಪಿಸಿದ ಲಿಸ್ಪ್ ಎಂಬ ಗಣಕ ಭಾಷೆಯ ಕಥೆ ಮಾತ್ರ ಜನಸಾಮಾನ್ಯರಿಗೆ ಅಪರಿಚಿತವಾಗಿಯೇ ಉಳಿದಿದೆ.

ಮೆಕಾರ್ಥಿ 1927ರ ಸೆಪ್ಟೆಂಬರ್ 4ರಂದು ಬಾಸ್ಟನ್ ನಗರದಲ್ಲಿ ಜನಿಸಿದರು. ತಂದೆ ಐರ್ಲೆಂಡಿನಿಂದ, ತಾಯಿ ಲಿಥುವೇನಿಯಾದಿಂದ ವಲಸೆ ಬಂದವರು. ಆರ್ಥಿಕ ಮಹಾಕುಸಿತದ ದಿನಗಳಲ್ಲಿ ಊರೂರು ಅಲೆದ ಕುಟುಂಬ ಕೊನೆಗೆ ಲಾಸ್ ಏಂಜಲೀಸಿನಲ್ಲಿ ನೆಲೆಯೂರಿತು. ಹದಿಹರೆಯದಲ್ಲೇ ಕಾಲೇಜು ಪುಸ್ತಕಗಳಿಂದ ಗಣಿತವನ್ನು ಸ್ವತಃ ಕಲಿತ ಅವರು 1951ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು.

ಅಂದಿನ ಪ್ರಮುಖ ಗಣಕ ಭಾಷೆಗಳು ಅಂಕಿಗಳ ಲೆಕ್ಕಾಚಾರಕ್ಕೆ ಮೀಸಲಾಗಿದ್ದವು. ಯಂತ್ರ ತರ್ಕಿಸಬೇಕಾದರೆ ಪದಗಳನ್ನೂ ಅವುಗಳ ಸಂಬಂಧಗಳನ್ನೂ ಅದು ನಿಭಾಯಿಸಬೇಕೆಂದು ಮನಗಂಡ ಮೆಕಾರ್ಥಿ, 1958ರಲ್ಲಿ ಎಂಐಟಿಯಲ್ಲಿ ಲಿಸ್ಪ್ ರಚನೆಗೆ ತೊಡಗಿದರು. ಇದರಲ್ಲಿ ಮಾಹಿತಿಯೂ ಪಟ್ಟಿ, ಆದೇಶವೂ ಪಟ್ಟಿ. ಆದೇಶದ ಪಟ್ಟಿಯನ್ನು ಓದಿ ನೆರವೇರಿಸುವ ಸೂತ್ರವೊಂದನ್ನು ಅವರು ಬರೆದದ್ದು ಕೇವಲ ಸಿದ್ಧಾಂತದ ನಿರೂಪಣೆಗಾಗಿ. ಅದು ಯಂತ್ರದಲ್ಲೇ ನಡೆಯಬಲ್ಲುದೆಂಬ ಯೋಚನೆ ಅವರಿಗಿರಲಿಲ್ಲ. ಸಹೋದ್ಯೋಗಿ ಸ್ಟೀವ್ ರಸೆಲ್ ಆ ಸೂತ್ರವನ್ನು ಐಬಿಎಂ 704 ಯಂತ್ರದ ಸಂಕೇತಕ್ಕೆ ಇಳಿಸಿ ಚಾಲನೆ ನೀಡಿದರು. ಕಾಗದದ ಮೇಲಿದ್ದ ಗಣಿತ ಜೀವಂತ ಭಾಷೆಯಾಯಿತು.

1973ರಲ್ಲಿ ಮತ್ತೊಂದು ಬೆಳವಣಿಗೆ ನಡೆಯಿತು. ಬೆಲ್ ಪ್ರಯೋಗಾಲಯದಲ್ಲಿ ಡಗ್ಲಸ್ ಮೆಕಿಲ್ರಾಯ್ ಬಹುಕಾಲದಿಂದ ಒತ್ತಾಯಿಸುತ್ತಿದ್ದ 'ಪೈಪ್' ವ್ಯವಸ್ಥೆಯನ್ನು ಕೆನ್ ಥಾಂಪ್ಸನ್ ಯುನಿಕ್ಸ್‌ಗೆ ಅಳವಡಿಸಿದರು. ಒಂದು ತಂತ್ರಾಂಶದ ಫಲಿತಾಂಶ ಇನ್ನೊಂದಕ್ಕೆ ನೇರವಾಗಿ ಹರಿಯತೊಡಗಿತು. ಇದರಲ್ಲಿ ಮೆಕಾರ್ಥಿಯವರ ಪಾತ್ರವಿರಲಿಲ್ಲ. ಆದರೆ ಅವರ ಭಾಷೆಗೆ ಹೊಸದೊಂದು ಬಾಗಿಲು ತೆರೆಯಿತು. ಹರಪನಹಳ್ಳಿ ತಾಲ್ಲೂಕಿನ ಎಲ್ಲ ಊರುಗಳ ಮಳೆ ಲೆಕ್ಕ ಒಂದೇ ಕಡತದಲ್ಲಿದೆ ಎಂದು ಭಾವಿಸಿದರೆ, ಒಂದು ಆದೇಶ ಬಾಗಳಿಯ ಸಾಲುಗಳನ್ನಷ್ಟೇ ಆರಿಸಿ ಪೈಪಿಗೆ ಬಿಡುತ್ತದೆ. ಆಚೆ ತುದಿಯ ಲಿಸ್ಪ್ ಸ್ಕ್ರಿಪ್ಟ್ ಅವನ್ನು ಒಂದೊಂದಾಗಿ ಓದಿ, ಪಟ್ಟಿಯಾಗಿಸಿ, ತಿಂಗಳ ಮೊತ್ತ ತಿಳಿಸುತ್ತದೆ. ನಡುವೆ ಮತ್ತೊಂದು ಕಡತದ ಅಗತ್ಯವೇ ಇಲ್ಲ. 1975ರ ಸ್ಕೀಮ್, 2007ರ ಕ್ಲೋಜರ್ ಮುಂತಾದ ಲಿಸ್ಪ್‌ನ ಉಪಭಾಷೆಗಳು ಇಂತಹ ದಿನನಿತ್ಯದ ಕೆಲಸಕ್ಕೂ ಒದಗುತ್ತಿವೆ.

1962ರಲ್ಲಿ ಸ್ಟ್ಯಾನ್‌ಫರ್ಡ್ ಸೇರಿದ ಮೆಕಾರ್ಥಿ ಅಲ್ಲಿ ಕೃತಕ ಬುದ್ಧಿಮತ್ತೆಯ ಪ್ರಯೋಗಾಲಯ ಕಟ್ಟಿದರು. 1971ರಲ್ಲಿ ಟ್ಯೂರಿಂಗ್ ಪ್ರಶಸ್ತಿ, 1988ರಲ್ಲಿ ಕ್ಯೋಟೊ ಪ್ರಶಸ್ತಿ ಅವರಿಗೆ ಸಂದವು. ಮನುಷ್ಯನ ಸಾಮಾನ್ಯ ವಿವೇಕವನ್ನು ಯಂತ್ರಕ್ಕೆ ತರ್ಕದ ಮೂಲಕ ಕಲಿಸುವುದು ಅವರ ಜೀವಮಾನದ ಹಂಬಲವಾಗಿತ್ತು. ಅದು ಪೂರ್ಣಗೊಳ್ಳುವ ಮುನ್ನವೇ, 2011ರ ಅಕ್ಟೋಬರ್ 24ರಂದು, 84ನೆಯ ವಯಸ್ಸಿನಲ್ಲಿ ಅವರು ನಿಧನರಾದರು. ಆ ಮಹಾಗುರಿಗೆ ಸಾಧನವಾಗಿ ಹುಟ್ಟಿದ ಭಾಷೆ ಮಾತ್ರ ಇಂದಿಗೂ ದುಡಿಯುತ್ತಿದೆ.