ಅಬ್ಬೆ ದುಬ್ವಾ: ಸಭೆ ಮತ್ತು ಗ್ರಂಥ

ಹಿಂದೂ ಆಚಾರವಿಚಾರಗಳನ್ನು ಕುರಿತ ಗ್ರಂಥದ ಕರ್ತೃವೆಂದೇ ವಿದ್ವತ್‌ಲೋಕವು ಅಬ್ಬೆ ದುಬ್ವಾ ಅವರನ್ನು ಗುರುತಿಸುತ್ತ ಬಂದಿದೆ. ಮೈಸೂರು ಸೀಮೆಯಲ್ಲಿ ಅವರು ನಡೆಸಿದ ಸಭಾಕಾರ್ಯವನ್ನು ಗಮನಿಸದಿದ್ದರೆ ಈ ಪರಿಚಯ ಅಪೂರ್ಣ.

ಫ್ರಾನ್ಸಿನ ಆರ್ದೆಶ್ ಪ್ರದೇಶದಲ್ಲಿ ಜನಿಸಿದ ದುಬ್ವಾ 1792ರಲ್ಲಿ ಗುರುದೀಕ್ಷೆ ಪಡೆದು, ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಸ್ಥೆಯ ಮೂಲಕ ಭಾರತಕ್ಕೆ ಬಂದರು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ, ಟಿಪ್ಪುವಿನ ಆಳ್ವಿಕೆಯಲ್ಲಿ ಬಲವಂತದ ಮತಾಂತರಕ್ಕೆ ಒಳಗಾಗಿ ಚದುರಿದ್ದ ಕ್ರೈಸ್ತರನ್ನು ಮತ್ತೆ ಒಗ್ಗೂಡಿಸುವ ಹೊಣೆ ಅವರದಾಯಿತು. ದೇಶೀಯ ಉಡುಪು, ಆಹಾರಗಳನ್ನು ರೂಢಿಸಿಕೊಂಡ ಅವರನ್ನು ಜನರು ದೊಡ್ಡಸ್ವಾಮಿ ಎಂದು ಕರೆದರು. ಹಾಸನದ ಬಳಿಯ ಸಾತಳ್ಳಿಯಲ್ಲಿ ನಿರ್ಗತಿಕ ಕ್ರೈಸ್ತರಿಗಾಗಿ ಕೃಷಿ ನೆಲೆಯೊಂದನ್ನು ಕಟ್ಟಿದರು. 1803–04ರಲ್ಲಿ ಸಿಡುಬಿನ ವಿರುದ್ಧ 25 ಸಾವಿರಕ್ಕೂ ಹೆಚ್ಚು ಜನರಿಗೆ ದೇವಿ ಹಾಕಿಸಿದರು. ಆರಾಧನೆ, ಬೇಸಾಯ, ಆರೋಗ್ಯ ಮೂರೂ ಇಲ್ಲಿ ಒಂದೇ ಧರ್ಮಸೇವೆಯ ಅಂಗಗಳಾದವು.

ಆದರೂ ಹಿಂದೂಗಳ ಮತಾಂತರ ಸಾಧ್ಯವೆಂಬ ನಂಬಿಕೆ ಅವರಲ್ಲಿ ಉಳಿಯಲಿಲ್ಲ. 1823ರಲ್ಲಿ ಸ್ವದೇಶಕ್ಕೆ ಮರಳಿದ ಅವರು ಅದೇ ವರ್ಷ ಪ್ರಕಟವಾದ ಪತ್ರಗಳಲ್ಲಿ ಇದನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ಪ್ರೊಟೆಸ್ಟೆಂಟ್ ಮಿಷನರಿಗಳಿಂದ ತೀವ್ರ ಪ್ರತಿರೋಧವನ್ನೂ ಎದುರಿಸಿದರು. ಮುಂದೆ ತಮ್ಮ ಸಂಸ್ಥೆಯ ಮುಖ್ಯಸ್ಥರೂ ಆಗಿದ್ದು, 1848ರಲ್ಲಿ ನಿಧನರಾದರು.

1816ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ ಅವರ ಗ್ರಂಥವು ಹಿಂದಿನ ಯೇಸುಸಭೆಯ ಪಾದ್ರಿ ಕೂರ್ದೂ ಅವರ ಬರಹವನ್ನು ಬಹುಮಟ್ಟಿಗೆ ಆಧರಿಸಿದೆಯೆಂದು ಸಿಲ್ವಿಯಾ ಮ್ಯೂರ್ 1987ರಲ್ಲಿ ತೋರಿಸಿಕೊಟ್ಟರು. ಋಣವನ್ನು ಹೇಳದೆ ಹೋದುದು ಗ್ರಂಥಕರ್ತೃವಿನ ಲೋಪವೇ ಸರಿ. ಆದುದರಿಂದ ದುಬ್ವಾ ಅವರ ಸ್ವಂತ ಸಾಧನೆಯನ್ನು ಗ್ರಂಥಕ್ಕಿಂತ ಹೆಚ್ಚಾಗಿ, ಚದುರಿದ ಜನರೊಡನೆ ಸೇರಿ ಅವರು ಮರಳಿ ಕಟ್ಟಿದ ಸಭೆಯಲ್ಲಿ ಅರಸುವುದು ಯುಕ್ತ.