ಕ್ಯಾಮೆರಾ ಇಲ್ಲದಿದ್ದರೆ ಮಾಡಿಕೊಂಡ ಮನುಷ್ಯ: ಬಾಬೂರಾವ್ ಪೇಂಟರ್

ಹೋದ ವರ್ಷ ನಾವು ಕಿರುಚಿತ್ರಕ್ಕೆಂದು ಕಮಲಾಪುರದ ಹೊಲದಾಗ ರಾತ್ರಿ ಯುದ್ಧದ ಸೀನ್ ತೆಗೆದೆವು. ಮೊಬೈಲಿನಲ್ಲಿ ಬಂದದ್ದು ಬರೀ ಕತ್ತಲೆ. ಲೈಟಿಲ್ಲ, ಒಳ್ಳೆ ಕ್ಯಾಮೆರಾ ಇಲ್ಲ ಅಂತ ಕಲಬುರಗಿ ಮುಟ್ಟೋತನಕ ಗೊಣಗಿದ್ದೇ ಗೊಣಗಿದ್ದು. ಆಮೇಲೆ ಬಾಬೂರಾವ್ ಪೇಂಟರ್ ಬಗ್ಗೆ ಓದಿ ಸುಮ್ಮನಾದೆವು.

ಕೊಲ್ಹಾಪುರ ಅಂದ್ರೆ ನಮಗೆ ಮಹಾಲಕ್ಷ್ಮಿ ಗುಡಿ, ಚಪ್ಪಲಿ ಅಷ್ಟೇ ನೆನಪಾಗ್ತದೆ. ಬಾಬೂರಾವ್ ಹುಟ್ಟಿದ್ದು ಅದೇ ಊರಲ್ಲಿ, 1890ರಲ್ಲಿ. ಮನೆತನದ ಹೆಸರು ಮೇಸ್ತ್ರಿ. ಚಿತ್ರಕಲೆ, ಶಿಲ್ಪಕಲೆ ಎರಡನ್ನೂ ತಾವೇ ಕಲಿತರು. ಅಣ್ಣನಂತಿದ್ದ ಸೋದರಸಂಬಂಧಿ ಆನಂದರಾವ್ ಜೊತೆ ನಾಟಕ ಕಂಪನಿಗಳಿಗೆ ಪರದೆ ಬರೆಯುತ್ತಿದ್ದರು. ಸಿನಿಮಾದ ಹುಚ್ಚು ಹತ್ತಿದ ಮೇಲೆ ಇಬ್ಬರೂ ಸ್ವಂತ ಕ್ಯಾಮೆರಾ ಮಾಡಲು ಕೂತರು. 1916ರಲ್ಲಿ ಆನಂದರಾವ್ ತೀರಿಕೊಂಡರು.

ಬಾಬೂರಾವ್ ಕೆಲಸ ಬಿಡಲಿಲ್ಲ. ಶಿಷ್ಯ ದಾಮ್ಲೆ ಜೊತೆ ಸೇರಿ ಕ್ಯಾಮೆರಾ ಮುಗಿಸಿದರು. ಸುಲಭದ ಕೆಲಸ ಅಲ್ಲ ನೋಡ್ರಿ. ಫಿಲಂ ಲೆನ್ಸಿನ ಹಿಂದೆ ಒಂದು ಕ್ಷಣ ನಿಲ್ಲಬೇಕು, ಮತ್ತೆ ಜರುಗಬೇಕು. ಜರುಗುವಾಗ ಶಟರ್ ಮುಚ್ಚಿರಬೇಕು. ಸ್ವಲ್ಪ ತಪ್ಪಿದರೂ ಚಿತ್ರ ಕಲಸಿಹೋಗ್ತದೆ. 1920ರಲ್ಲಿ ಅವರ ‘ಸೈರಂಧ್ರಿ’ ಬಂತು. ತಿಲಕರು ಅವರಿಗೆ ‘ಸಿನಿಮಾ ಕೇಸರಿ’ ಎಂಬ ಬಿರುದು ಕೊಟ್ಟರು.

1923ರಲ್ಲಿ ‘ಸಿಂಹಗಡ’. 1670ರಲ್ಲಿ ತಾನಾಜಿ ಮಾಲುಸರೆ ರಾತ್ರೋರಾತ್ರಿ ಕೋಟೆ ಹತ್ತಿ, ಗೆದ್ದು, ಪ್ರಾಣ ಕೊಟ್ಟ ಕಥೆ. ಆಗೆಲ್ಲ ಶೂಟಿಂಗ್ ಅಂದ್ರೆ ಬಿಸಿಲನ್ನೇ ನಂಬಬೇಕಿತ್ತು. ರಾತ್ರಿ ಬೇಕಾದರೆ ಹಗಲಲ್ಲಿ ತೆಗೆದ ಫಿಲಮ್ಮಿಗೇ ನೀಲಿ ಬಣ್ಣ ಹಾಕುವ ರೂಢಿ ಇತ್ತು. ಬಾಬೂರಾವ್ ದೀಪಗಳನ್ನೇ ತಂದು ನಿಲ್ಲಿಸಿದರು. ಭಾರತೀಯ ಸಿನಿಮಾದಲ್ಲಿ ಕೃತಕ ಬೆಳಕು ಬಳಸಿದ ಮೊದಲಿಗರು ಅವರೇ ಎಂದು ಇತಿಹಾಸಕಾರರು ಹೇಳ್ತಾರೆ. 1925ರ ‘ಸಾವಕಾರಿ ಪಾಶ್’ನಲ್ಲಿ ಸಾಲಕ್ಕೆ ಹೊಲ ಕಳೆದುಕೊಂಡ ರೈತನ ಕಥೆ ಹೇಳಿದರು.

1929ರಲ್ಲಿ ದಾಮ್ಲೆ, ಫತ್ತೇಲಾಲ್, ಶಾಂತಾರಾಮ್ ಮುಂತಾದವರು ಹೊರಗೆ ಹೋಗಿ ಪ್ರಭಾತ್ ಕಂಪನಿ ಕಟ್ಟಿದರು. ಶಿಷ್ಯರ ಹೆಸರು ದೇಶಕ್ಕೆಲ್ಲ ಗೊತ್ತಾಯಿತು. ಗುರುವಿನ ಕಂಪನಿ ಮುಚ್ಚಿತು. 1954ರಲ್ಲಿ ಬಾಬೂರಾವ್ ತೀರಿಕೊಂಡರು. ಆದರೆ ಆ ಶಿಷ್ಯರು ಕೆಲಸ ಕಲಿತದ್ದು ಅವರ ಕೈಕೆಳಗೇ.

ಈ ಸಲ ಮತ್ತೆ ಕಮಲಾಪುರಕ್ಕೆ ಹೊಂಟೀವಿ. ಲೈಟ್ ಸ್ಟ್ಯಾಂಡ್ ನಾವೇ ವೆಲ್ಡ್ ಮಾಡ್ತೀವಿ. ಮೆಕ್ಯಾನಿಕಲ್, ಇಲೆಕ್ಟ್ರಿಕಲ್‌ನವರು ಕೈ ಜೋಡಿಸ್ರಿ.